ಓಂ ತೀರದಲ್ಲಿ ಒಂದು ಕ್ಯಾಮೆರಾ

ಗೋಕರ್ಣಕ್ಕೆ ಹೋಗಿಬಂದ ಕುಟುಂಬವು ಹಿಂದೆಲ್ಲ ಮನೆಗೆ ತರುತ್ತಿದ್ದುದು ಎರಡು ವಸ್ತುಗಳನ್ನು. ಒಂದು, ಮಹಾಬಲೇಶ್ವರನ ಪ್ರಸಾದ. ಇನ್ನೊಂದು, ಮಕ್ಕಳು ತೀರದಲ್ಲಿ ಆಯ್ದು ಕರವಸ್ತ್ರದಲ್ಲಿ ಗಂಟುಕಟ್ಟಿದ ಕಪ್ಪೆಚಿಪ್ಪು. ಪ್ರಸಾದವು ನೆರೆಹೊರೆಯವರಿಗೆ ಹಂಚಿಹೋಗುತ್ತಿತ್ತು. ಕಪ್ಪೆಚಿಪ್ಪುಗಳು ಕಿಟಕಿಯ ಕಟ್ಟೆಯ ಮೇಲೆ ಕುಳಿತು ಕೆಲವು ತಿಂಗಳು ಕಡಲನ್ನು ನೆನಪಿಸುತ್ತಿದ್ದವು. ಈಗ ಇವೆರಡರ ಜೊತೆಗೆ ಮೂರನೆಯದೊಂದು ಸೇರಿದೆ. ಅವೇ ಪಟಗಳು. ಹತ್ತಲ್ಲ, ಇಪ್ಪತ್ತಲ್ಲ, ನೂರಾರು. ಊರಿಗೆ ಮರಳಿ ಒಂದು ವಾರ ಕಳೆದ ಮೇಲೆ ಅವುಗಳಲ್ಲಿ ಮತ್ತೊಮ್ಮೆ ನೋಡಬೇಕೆನಿಸುವವು ಎಷ್ಟೆಂದು ಎಣಿಸಹೊರಟರೆ ಮಾತ್ರ ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತವೆ. ಕಣ್ಣೆದುರಿಗಿದ್ದಾಗ ಎದೆಯನ್ನು ತುಂಬಿದ ಕಡಲು ಪಟದಲ್ಲಿ ಒಂದು ಸಣ್ಣ ನೀಲಿ ಪಟ್ಟಿಯಾಗಿ ಏಕೆ ಮಲಗಿಬಿಡುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಕುಮಟಾ ತಾಲೂಕಿನ ಓಂ ಬೀಚಿಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ.

ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ. ಈ ಎರಡು ನದಿಗಳ ನಡುವೆ ಅರಬ್ಬೀ ಸಮುದ್ರಕ್ಕೆ ಮುಖಮಾಡಿ ನಿಂತಿರುವುದು ಗೋಕರ್ಣ ಕ್ಷೇತ್ರ. ಪೇಟೆಯ ಮುಂದಿನ ಉದ್ದನೆಯ ತೀರವನ್ನು ಬಿಟ್ಟು ತೆಂಕಣ ದಿಕ್ಕಿಗೆ ಗುಡ್ಡವನ್ನು ಹತ್ತಿದರೆ ಒಂದಾದಮೇಲೊಂದರಂತೆ ನಾಲ್ಕು ಮರಳದಂಡೆಗಳು ಸಿಗುತ್ತವೆ. ಮೊದಲನೆಯದು ಕುಡ್ಲೆ, ಎರಡನೆಯದು ಓಂ, ಅದರಾಚೆಗೆ ಹಾಫ್ ಮೂನ್ ಮತ್ತು ಪ್ಯಾರಡೈಸ್ ಎಂದು ಪ್ರವಾಸಿಗರು ಕರೆಯುವ ಎರಡು ಪುಟ್ಟ ತೀರಗಳು. ಒಂದರಿಂದ ಇನ್ನೊಂದನ್ನು ಬೇರ್ಪಡಿಸಿರುವುದು ಕಡಲಿನೊಳಕ್ಕೆ ಮೂಗು ಚಾಚಿದ ಗುಡ್ಡಗಳು. ಈ ನೆಲದ ಹೆಸರನ್ನು ಕನ್ನಡ ಓದುಗರು ಬೇರೊಂದು ದಾರಿಯಿಂದಲೂ ಬಲ್ಲರು. ಯಶವಂತ ಚಿತ್ತಾಲರು ಹುಟ್ಟಿದ ಹನೇಹಳ್ಳಿ ಇಲ್ಲಿಗೆ ಸಮೀಪದ್ದೇ. ಗೌರೀಶ ಕಾಯ್ಕಿಣಿಯವರು ಬಾಳಿದ್ದು, ಜಯಂತ ಕಾಯ್ಕಿಣಿಯವರು ಹುಟ್ಟಿದ್ದು ಗೋಕರ್ಣದಲ್ಲಿ.

ಹೆಸರು ಕಾಣುವ ಜಾಗ

ಬೆಂಗಳೂರಿನಿಂದ ಕಾರವಾರದತ್ತ ಓಡುವ ರಾತ್ರಿಯ ರೈಲು ಬೆಳಗಾದ ಮೇಲೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಇಳಿಸುತ್ತದೆ. 1998ರಲ್ಲಿ ಕೊಂಕಣ ರೈಲುಮಾರ್ಗವು ಉದ್ದಕ್ಕೂ ತೆರೆದುಕೊಂಡ ಮೇಲೆ ಈ ಸೌಕರ್ಯ ಒದಗಿತು. ನಿಲ್ದಾಣದಿಂದ ಪೇಟೆ ಸುಮಾರು ಹತ್ತು ಕಿಲೋಮೀಟರು. ಪೇಟೆಯಿಂದ ಓಂ ಬೀಚಿಗೆ ರಸ್ತೆಯಲ್ಲಿ ಆರೇಳು ಕಿಲೋಮೀಟರು. ಆಟೋ ರಿಕ್ಷಾ ಗುಡ್ಡದ ನೆತ್ತಿಯವರೆಗೆ ಒಯ್ಯುತ್ತದೆ. ಅಲ್ಲಿಂದ ಮೆಟ್ಟಿಲಿಳಿದರೆ ಮರಳು. ಆದರೆ ಕ್ಯಾಮೆರಾ ಹಿಡಿದು ಬರುವವನಿಗೆ ಹಳೆಯ ಕಾಲುದಾರಿಯೇ ಲೇಸು. ಕುಡ್ಲೆಯ ದಂಡೆಯನ್ನು ಉದ್ದಕ್ಕೂ ನಡೆದು ಅದರ ತುದಿಯ ಗುಡ್ಡವನ್ನೇರಿದರೆ ಜಂಬಿಟ್ಟಿಗೆಯ ಕೆಂಪು ನೆಲ, ಒಣಹುಲ್ಲು, ಅಲ್ಲಲ್ಲಿ ಗೇರುಮರ. ಸುಮಾರು ಅರ್ಧ ಗಂಟೆಯ ನಡಿಗೆಯ ಕೊನೆಗೆ ಕಣ್ಣ ಕೆಳಗೆ ಓಂ ತೀರ ತೆರೆದುಕೊಳ್ಳುತ್ತದೆ.

ಈ ತೀರಕ್ಕೆ ಆ ಹೆಸರು ಏಕೆ ಬಂತೆಂಬುದು ಇಲ್ಲಿ ನಿಂತವನಿಗೆ ಯಾರೂ ಹೇಳಬೇಕಾಗಿಲ್ಲ. ಎರಡು ಅರ್ಧಚಂದ್ರಾಕಾರದ ಕೊಲ್ಲಿಗಳು ಅಕ್ಕಪಕ್ಕದಲ್ಲಿ ಬಾಗಿವೆ. ಅವೆರಡೂ ಕೂಡುವಲ್ಲಿ ಕಪ್ಪು ಬಂಡೆಗಳ ಒಂದು ಚಾಚು ನೀರಿಗೆ ಇಳಿದಿದೆ. ಓಂಕಾರವನ್ನು ಬರೆಯುವಾಗ ಲೇಖನಿಯು ಎರಡು ಬಾರಿ ಬಾಗುವಂತೆ ಇಲ್ಲಿ ದಂಡೆಯು ಎರಡು ಬಾರಿ ಬಾಗಿದೆ. ಅಕ್ಷರವು ಪೂರ್ಣವಲ್ಲ, ಉಳಿದುದನ್ನು ನೋಡುವವನ ಭಕ್ತಿ ತುಂಬಿಕೊಳ್ಳುತ್ತದೆ.

ವಿಶೇಷವೆಂದರೆ, ಈ ಹೆಸರು ಕಾಣುವುದು ಮೇಲಿನಿಂದ ಮಾತ್ರ. ಮರಳಿನ ಮೇಲೆ ನಿಂತವನಿಗೆ ಎಡಕ್ಕೊಂದು ದಂಡೆ, ಬಲಕ್ಕೊಂದು ದಂಡೆ, ನಡುವೆ ಬಂಡೆ. ಅಕ್ಷರದ ಸುಳಿವೇ ಇಲ್ಲ. ಅಂಚೆ ಕಾರ್ಡಿನಿಂದ ಹಿಡಿದು ಕ್ಯಾಲೆಂಡರಿನವರೆಗೆ ಅಚ್ಚಾಗಿರುವ ಓಂ ಬೀಚಿನ ಚಿತ್ರಗಳೆಲ್ಲ ಗುಡ್ಡದ ಮೇಲಿನವೋ ಆಕಾಶದಿಂದ ತೆಗೆದವೋ ಆಗಿರುವುದಕ್ಕೆ ಇದೇ ಕಾರಣ. ಹೊಸದಾಗಿ ಬಂದ ಹವ್ಯಾಸಿಯು ಮೊದಲು ತೆಗೆಯುವುದೂ ಅದನ್ನೇ. ಅದು ತಪ್ಪಲ್ಲ, ಆ ಚಿತ್ರವು ಊರಿನ ಹೆಸರುಫಲಕವಿದ್ದಂತೆ. ಆದರೆ ಹೆಸರುಫಲಕದ ಪಟ ತೆಗೆದವನು ಊರನ್ನು ಕಂಡನೆಂದು ಹೇಳಲಾಗುವುದಿಲ್ಲ. ಊರನ್ನು ಕಾಣಲು ಗುಡ್ಡವಿಳಿಯಬೇಕು.

ಗುರುವಿಲ್ಲದ ವಿದ್ಯೆ

ಛಾಯಾಚಿತ್ರಣವು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಸ್ವಂತ ಪ್ರಯತ್ನದಿಂದಲೇ ಬೆಳೆದ ವಿದ್ಯೆ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಸರಳ ಪೆಟ್ಟಿಗೆಯು ಒಂದು ಕಾಲದಲ್ಲಿ ಎಷ್ಟೋ ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮೆರಾ ಆಗಿತ್ತು. ಒಂದು ಸುರುಳಿ ಫಿಲ್ಮಿಗೆ ಹನ್ನೆರಡೇ ಪಟ. ಹನ್ನೆರಡರಲ್ಲಿ ಒಂದು ಕೆಟ್ಟರೂ ಮನೆಯ ಹಿರಿಯರ ಹುಬ್ಬು ಗಂಟಿಕ್ಕುತ್ತಿತ್ತು. ಆದುದರಿಂದ ಗುಂಡಿ ಒತ್ತುವ ಮೊದಲು ಎರಡು ಬಾರಿ ನೋಡುವ ಅಭ್ಯಾಸ ತಾನಾಗಿ ಬರುತ್ತಿತ್ತು. ಈಗಿನ ದೂರವಾಣಿಯಲ್ಲಿ ಪಟಗಳಿಗೆ ಲೆಕ್ಕವೇ ಇಲ್ಲ. ನೋಡುವ ಅಭ್ಯಾಸ ಹೋದದ್ದು ಅದರ ಬೆಲೆ.

ಮೈಸೂರಿನವರಾದ ಟಿ. ಎಸ್. ಸತ್ಯನ್ (1923–2009) ಅವರನ್ನು ಇಲ್ಲಿ ನೆನೆಯುವುದು ಉಚಿತ. ಮಹಾರಾಜಾ ಕಾಲೇಜಿನಲ್ಲಿ ಓದಿದ ಅವರು ಕ್ಯಾಮೆರಾ ವಿದ್ಯೆಗಾಗಿ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯನ್ನು ಸೇರಿ, ದೇಶದ ಮೊದಲ ಸಾಲಿನ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರಾದರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ದೊಡ್ಡ ಘಟನೆಗಳಿಗಿಂತ ಸಾಮಾನ್ಯರ ದಿನನಿತ್ಯದ ಬದುಕೇ ಅವರ ಕಣ್ಣಿಗೆ ಪ್ರಿಯವಾಗಿತ್ತು. ಮೂಡಿಗೆರೆಯ ಕಾಡಂಚಿನಲ್ಲಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರೂ ಕ್ಯಾಮೆರಾವನ್ನು ತಾವೇ ಪಳಗಿಸಿಕೊಂಡವರು. ಇಬ್ಬರ ದಾರಿಯೂ ಒಂದೇ: ತೆಗೆಯುವುದು, ಕೆಡಿಸುವುದು, ಏಕೆ ಕೆಟ್ಟಿತೆಂದು ಯೋಚಿಸುವುದು, ಮತ್ತೆ ಹೋಗುವುದು.

ಓಂ ತೀರದಲ್ಲಿ ಪಟ ಕೆಡುವ ಮೊದಲ ಕಾರಣ ಮರಳಿನ ಹೊಳಪು. ಎದುರಿಗಿರುವುದು ಬೆಳಗುವ ಮರಳೋ ಕರಿಯ ಕಂಬಳಿಯೋ ಎಂಬುದು ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ತಿಳಿಯದು. ಲೋಕವೆಲ್ಲ ನಡುಬೂದು ಬಣ್ಣದ್ದೆಂದು ನಂಬಿಕೊಂಡೇ ಅದು ಲೆಕ್ಕ ಹಾಕುತ್ತದೆ. ಹೀಗಾಗಿ ಬಿಸಿಲಿನ ಮರಳು ಬೂದಿಯ ಬಣ್ಣಕ್ಕೆ ಇಳಿಯುತ್ತದೆ. ಮರಳಿನ ಮೇಲೆ ನಿಂತ ಮಗುವಿನ ಮುಖ ಕಪ್ಪಿಡುತ್ತದೆ. ಮಾಪಕವು ಹೇಳಿದ್ದಕ್ಕಿಂತ ಒಂದು ಹಂತ ಹೆಚ್ಚು ಬೆಳಕನ್ನು ಕೊಟ್ಟರೆ ಸಾಕು, ಮರಳು ಮರಳಾಗುತ್ತದೆ. ಸೂರ್ಯಾಸ್ತದಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಆಕಾಶದ ಬೆಳಕನ್ನು ನೋಡಿ ಅಳೆಯಬೇಕು. ಬಂಡೆಯೂ ದೋಣಿಯೂ ಕಪ್ಪು ಆಕೃತಿಗಳಾದರೆ ಆಗಲಿ.

ಎರಡನೆಯ ಕಾರಣ ಆಕಾಶ ಮತ್ತು ಕಡಲಿನ ಜಗಳ. ಒಂದಕ್ಕೆ ಸರಿಯಾದ ಬೆಳಕು ಇನ್ನೊಂದಕ್ಕೆ ಸರಿಹೊಂದುವುದಿಲ್ಲ. ಈ ಜಗಳ ಹೊಸದಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು 1850ರ ದಶಕದಲ್ಲಿ ಕಡಲಿನ ಚಿತ್ರಗಳನ್ನು ತೆಗೆಯಹೊರಟಾಗ, ಆಗಿನ ಗಾಜಿನ ಫಲಕಗಳು ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ, ಆಕಾಶವು ಬರಿಯ ಬಿಳಿ ಹಾಳೆಯಾಗುತ್ತಿತ್ತು. ಆತನು ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಅವೆರಡನ್ನೂ ಕೂಡಿಸಿ ಅಚ್ಚು ಹಾಕಿದನು. 1857ರ ‘ಮಹಾ ತರಂಗ’ವೆಂಬ ಅವನ ಚಿತ್ರವನ್ನು ನೋಡಿದವರು ಬೆರಗಾದರು. ಇಂದಿನ ದೂರವಾಣಿಯು ಒಂದೇ ಒತ್ತಿಗೆ ಹಲವು ಪಟಗಳನ್ನು ತೆಗೆದು, ನೋಡುವವನಿಗೆ ತಿಳಿಯದಂತೆ ಅವನ್ನು ಬೆಸೆಯುವುದೂ ಅದೇ ಉಪಾಯ. ವ್ಯತ್ಯಾಸವಿಷ್ಟೆ: ಲ ಗ್ರೇ ತಾನು ಏನು ಮಾಡುತ್ತಿರುವೆನೆಂಬುದನ್ನು ಬಲ್ಲವನಾಗಿದ್ದನು.

ಮೂರನೆಯ ಕಾರಣವೇ ಮೊದಲು ಕೇಳಿದ ಪ್ರಶ್ನೆಗೆ ಉತ್ತರ. ದೂರವಾಣಿಯ ಲೆನ್ಸು ಅಗಲವಾಗಿ ನೋಡುತ್ತದೆ; ಅಗಲವಾಗಿ ನೋಡುವ ಕಣ್ಣಿಗೆ ದೂರದ ವಸ್ತುಗಳೆಲ್ಲ ಕುಗ್ಗುತ್ತವೆ. ದಂಡೆಯಲ್ಲಿ ನಿಂತ ಮನುಷ್ಯನಿಗೆ ದಿಗಂತವಿರುವುದು ಸುಮಾರು ನಾಲ್ಕೂವರೆ ಕಿಲೋಮೀಟರು ದೂರದಲ್ಲಿ. ಅಷ್ಟು ದೂರದ ಗೆರೆಯನ್ನು ಪಟದ ನಡುಮಧ್ಯದಲ್ಲಿ ಎಳೆದು, ಹತ್ತಿರದಲ್ಲಿ ಏನನ್ನೂ ಇಡದಿದ್ದರೆ ಕಡಲು ಪಟ್ಟಿಯಾಗದೆ ಇನ್ನೇನಾದೀತು? ಹತ್ತಿರದ ವಸ್ತುವೊಂದು ಬೇಕು. ನಡುವಣ ಕಪ್ಪು ಬಂಡೆ, ಮೇಲೆಳೆದಿಟ್ಟ ದೋಣಿಯ ಮೂತಿ, ತೆರೆ ಹಿಂದೆ ಸರಿದಾಗ ಕನ್ನಡಿಯಾಗುವ ಒದ್ದೆ ಮರಳು. ಇಳಿತದ ಹೊತ್ತಿನಲ್ಲಿ ಗುಬ್ಬಚ್ಚಿಯ ಕಣ್ಣಿನಷ್ಟು ಚಿಕ್ಕ ಏಡಿಗಳು ಮರಳಿನ ಸಣ್ಣ ಉಂಡೆಗಳನ್ನು ಮಾಡಿ ತಮ್ಮ ಬಿಲದ ಸುತ್ತ ರಂಗೋಲಿ ಹಾಕಿರುತ್ತವೆ. ಮಂಡಿಯೂರಿ ಆ ರಂಗೋಲಿಯ ಮಟ್ಟಕ್ಕೆ ಕ್ಯಾಮೆರಾವನ್ನು ತಂದವನ ಪಟದಲ್ಲಿ ಕಡಲು ತಾನಾಗಿಯೇ ದೊಡ್ಡದಾಗುತ್ತದೆ.

ಬೆಳಗಿನ ಕಡಲು, ಸಂಜೆಯ ಕಡಲು

ಪಡುವಣ ತೀರದ ಬೆಳಗನ್ನು ಪ್ರವಾಸಿಗರು ಸಾಮಾನ್ಯವಾಗಿ ನಿದ್ದೆಯಲ್ಲಿ ಕಳೆಯುತ್ತಾರೆ. ನೇಸರನು ಸಹ್ಯಾದ್ರಿಯ ಹಿಂದಿನಿಂದ ಏರಿಬರುವುದರಿಂದ ದಂಡೆಯ ಮೇಲೆ ಬಹಳ ಹೊತ್ತು ಗುಡ್ಡದ ನೆರಳು ಬಿದ್ದಿರುತ್ತದೆ. ಆ ನೆರಳಿನಲ್ಲಿ ಬೆಳಕು ಹಾಲಿನಂತೆ ಮೃದು. ಯಾರ ಕಣ್ಣೂ ಕಿರಿದಾಗಿರುವುದಿಲ್ಲ. ಯಾವ ಮುಖದಲ್ಲೂ ಕಪ್ಪು ಕುಳಿ ಬೀಳುವುದಿಲ್ಲ. ಬಿಸಿಲು ಗುಡ್ಡವನ್ನು ದಾಟಿದೊಡನೆ ಅದು ನೋಡುವವನ ಬೆನ್ನಿನ ಕಡೆಯಿಂದ ಕಡಲಿಗೆ ಬೀಳುತ್ತದೆ. ಕಡಲಿನ ನಿಜವಾದ ನೀಲಿ ಕಾಣುವುದು ಆಗ.

ನಡುಹಗಲು ಕ್ಯಾಮೆರಾಕ್ಕೆ ವಿರಾಮದ ಹೊತ್ತು. ಈ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಮನುಷ್ಯನ ನೆರಳು ಅವನ ಕಾಲಡಿಗೇ ಸೇರುತ್ತದೆ. ಆಗ ತೆಗೆದ ಮುಖಗಳಲ್ಲಿ ಕಣ್ಣಿನ ಜಾಗದಲ್ಲಿ ಎರಡು ಗುಳಿಗಳಷ್ಟೇ ಉಳಿಯುತ್ತವೆ.

ಇನ್ನು ಸಂಜೆ. ಸೂರ್ಯನು ಪಶ್ಚಿಮದಲ್ಲಿ ಮುಳುಗುತ್ತಾನೆಂದು ಪಾಠಪುಸ್ತಕ ಹೇಳುತ್ತದೆ. ಆದರೆ ನೇರ ಪಶ್ಚಿಮದಲ್ಲಿ ಅವನು ಮುಳುಗುವುದು ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವಗಳಲ್ಲಿ ಮಾತ್ರ. ಡಿಸೆಂಬರಿನಲ್ಲಿ ಇಲ್ಲಿ ಸುಮಾರು 24 ಡಿಗ್ರಿ ದಕ್ಷಿಣಕ್ಕೂ ಜೂನಿನಲ್ಲಿ ಅಷ್ಟೇ ಉತ್ತರಕ್ಕೂ ಅವನು ಸರಿದಿರುತ್ತಾನೆ. ನೈರುತ್ಯದತ್ತ ಮುಖಮಾಡಿದ ಓಂ ತೀರಕ್ಕೆ ಇದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ. ಚಳಿಗಾಲದಲ್ಲಿ ಬಿಂಬವು ತೆರೆದ ನೀರಿನ ಕಡೆಗೆ ಇಳಿಯುತ್ತದೆ. ಬೇಸಿಗೆ ಮುಂದುವರಿದಂತೆ ಅದು ಕುಡ್ಲೆಯ ಕಡೆಯ ಗುಡ್ಡದತ್ತ ಸರಿಯುತ್ತದೆ. ಹೋದ ಡಿಸೆಂಬರಿನಲ್ಲಿ ಕಂಡ ಚಿತ್ರವನ್ನು ಮೇ ತಿಂಗಳಲ್ಲಿ ಹುಡುಕುತ್ತ ಬಂದವನು ನಿರಾಶನಾಗುವುದು ಸಹಜ.

ಬಿಂಬದ ಅಂಚು ನೀರನ್ನು ಮುಟ್ಟಿದ ಗಳಿಗೆಯಿಂದ ಅದು ಪೂರ್ತಿ ಮರೆಯಾಗಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. ದಂಡೆಯ ಜನರೆಲ್ಲ ಆ ಎರಡು ನಿಮಿಷ ಕೈಯೆತ್ತಿ ನಿಂತಿರುತ್ತಾರೆ. ಬಿಂಬ ಮುಳುಗಿದೊಡನೆ ಚಹದಂಗಡಿಯತ್ತ ತಿರುಗುತ್ತಾರೆ. ಅಭ್ಯಾಸಬಲದಿಂದ ಕಲಿತವನು ತಿರುಗುವುದಿಲ್ಲ. ಮುಂದಿನ ಇಪ್ಪತ್ತು ನಿಮಿಷಗಳಲ್ಲಿ ಆಕಾಶವು ಕಿತ್ತಳೆಯಿಂದ ಕೆಂಪಿಗೆ, ಕೆಂಪಿನಿಂದ ನೇರಳೆಗೆ, ನೇರಳೆಯಿಂದ ಆಳವಾದ ನೀಲಿಗೆ ಬಣ್ಣ ಬದಲಿಸುತ್ತದೆ. ಆಕಾಶಕ್ಕೂ ನೆಲಕ್ಕೂ ಇದ್ದ ಜಗಳ ಆ ಹೊತ್ತಿಗೆ ತಾನಾಗಿ ಶಮನವಾಗುತ್ತದೆ. ಕ್ಯಾಮೆರಾವನ್ನು ಮೂರು ಕಾಲಿನ ಊರೆಯ ಮೇಲಿಟ್ಟು, ಷಟರನ್ನು ಒಂದೆರಡು ಸೆಕೆಂಡು ತೆರೆದಿಟ್ಟರೆ ಬಂಡೆಯ ಸುತ್ತಣ ನೊರೆಯು ಬೆಳಗಿನ ಮಂಜಿನಂತೆ ಹರಡುತ್ತದೆ. ಅದೇ ನೊರೆಯನ್ನು ಹಗಲಿನಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಹಿಡಿದರೆ ಹನಿಹನಿಯೂ ಗಾಜಿನ ಮಣಿಯಾಗುತ್ತದೆ. ಒಂದರಲ್ಲಿ ಕಡಲಿನ ಮೌನವಿದೆ. ಇನ್ನೊಂದರಲ್ಲಿ ಅದರ ರಭಸ.

ಬೆನ್ನ ಹಿಂದಿನ ಕಡಲು

ಉಪ್ಪುಗಾಳಿಯೂ ಮರಳೂ ಕ್ಯಾಮೆರಾದ ಹುಟ್ಟುಶತ್ರುಗಳು. ದಂಡೆಯ ಮೇಲೆ ಲೆನ್ಸು ಬದಲಿಸಬಾರದು. ಗಾಜಿನ ಮೇಲೆ ಬಿದ್ದ ತುಂತುರನ್ನು ಒಣಗಲು ಬಿಡದೆ ಮೆದುಬಟ್ಟೆಯಿಂದ ಒತ್ತಿ ತೆಗೆಯಬೇಕು. ಮರಳು ಕೂತ ಗಾಜನ್ನು ಊದದೆ ಒರಸಿದರೆ ಗೀರು ಬೀಳುವುದು ಖಂಡಿತ. ಹವಾನಿಯಂತ್ರಿತ ಕೋಣೆಯಿಂದ ಹೊರತಂದ ಕ್ಯಾಮೆರಾವು ಸೆಕೆಯ ಗಾಳಿಗೆ ಬೆವರುತ್ತದೆ. ಚೀಲದೊಳಗೇ ಸ್ವಲ್ಪ ಹೊತ್ತು ಇದ್ದು ಅದು ಹೊರಗಿನ ಬಿಸಿಗೆ ಹೊಂದಿಕೊಳ್ಳಬೇಕು. ಇವೆಲ್ಲ ಕಾಸಿನ ನಷ್ಟದ ಮಾತು. ಅದಕ್ಕಿಂತ ದೊಡ್ಡ ನಷ್ಟವೊಂದುಂಟು.

ಎರಡು ಕೊಲ್ಲಿಗಳ ನಡುವಣ ಬಂಡೆಯು ಪಟಕ್ಕೆ ಬಹಳ ಸೊಗಸು. ಅದರ ತುದಿಯಲ್ಲಿ ನಿಂತವರ ಹಿಂದೆ ಮೂರು ಕಡೆಯೂ ನೀರು. ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ, ಕಡಲಿಗೆ ಬೆನ್ನು ಮಾಡುತ್ತಾರೆ, ನಗುತ್ತಾರೆ. ಪಟ ತೆಗೆಯುವವನು ಇನ್ನೊಂದು ಹೆಜ್ಜೆ ಹಿಂದೆ ಹೋಗಿ ಎನ್ನುತ್ತಾನೆ. ಅಲೆಗಳೆಲ್ಲ ಒಂದೇ ಅಳತೆಯವಲ್ಲ. ಹಲವು ಸಣ್ಣ ತೆರೆಗಳು ಪಾದವನ್ನು ತೊಳೆದುಹೋದ ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ, ಮೂರುನಾಲ್ಕು ಹಿರಿಯ ತೆರೆಗಳು ಒಟ್ಟಿಗೆ ಬರುತ್ತವೆ. ಬಂಡೆಯ ಕೆಳಭಾಗದ ಪಾಚಿಯು ಎಣ್ಣೆ ಸವರಿದ ಹಂಚಿನಂತೆ. ಗೋಕರ್ಣದ ಕಡಲಿನಲ್ಲಿ ಪ್ರವಾಸಿಗರು ಕೊಚ್ಚಿಹೋದ ಸುದ್ದಿಯು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ತೀರದಲ್ಲಿ ಜೀವರಕ್ಷಕರು ಸೀಟಿ ಊದುವುದು ವಿನೋದಕ್ಕಲ್ಲ. ಅವರ ಸೀಟಿಯನ್ನು ಕೇಳಿಯೂ ಕೇಳದಂತಿರುವವರಿಗೆ ಹೇಳುವ ಮಾತು ಒಂದೇ: ಪಟ ತೆಗೆಯುವವನ ಬಾಯಿಂದ ಹೊರಡುವ ‘ಇನ್ನೂ ಸ್ವಲ್ಪ ಹಿಂದೆ’ ಎಂಬ ಮಾತಿಗೆ ಅವನೇ ಹೊಣೆ. ನಿಂತವರಿಗೆ ಕಡಲು ಕಾಣುವುದಿಲ್ಲ. ಅದು ಕಾಣುವುದು ಅವನಿಗೆ.

ಕಡಲಿನ ಗಡಿಯಾರವನ್ನು ಕಲಿತುಕೊಳ್ಳುವುದು ಅಷ್ಟೇನೂ ಕಠಿಣವಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ; ನಿನ್ನೆಯ ಹೊತ್ತಿಗಿಂತ ಇಂದು ಸುಮಾರು ಐವತ್ತು ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ಇಳಿತವೂ ಹೆಚ್ಚು. ಆ ದಿನಗಳಲ್ಲಿ ಈ ಕರಾವಳಿಯ ಉಬ್ಬರವು ನಡುಹಗಲಿನ ಆಚೀಚೆ ಬಂದು, ಸಂಜೆಯ ಹೊತ್ತಿಗೆ ನೀರು ಬಹಳಷ್ಟು ಇಳಿದಿರುತ್ತದೆ. ಬಂಡೆಗಳು ಬುಡದವರೆಗೆ ತೋರುತ್ತವೆ; ಅವುಗಳ ನಡುವಣ ಗುಂಡಿಗಳಲ್ಲಿ ನಿಂತ ನೀರು ಸಂಜೆಯ ಬಣ್ಣವನ್ನು ಹಿಡಿದಿಡುತ್ತದೆ. ಒಳ್ಳೆಯ ಪಟವೂ ಸುರಕ್ಷಿತವಾದ ಕಾಲೂರುವ ಜಾಗವೂ ಒಟ್ಟಿಗೆ ಸಿಗುವ ಸಂಜೆಗಳವು. ಪುಸ್ತಕ ನೋಡಬೇಕಾಗಿಲ್ಲ; ದಂಡೆಯಲ್ಲಿ ಬಲೆ ಹೊಲಿಯುತ್ತ ಕುಳಿತವರನ್ನು ಕೇಳಿದರೆ ಸಾಕು.

ಮನುಷ್ಯರಿರುವ ಪಟ

ಹಾಗೆ ಕೇಳಿದಲ್ಲಿಂದಲೇ ಬಹುಶಃ ಒಳ್ಳೆಯ ಛಾಯಾಚಿತ್ರಣವೂ ಆರಂಭವಾಗುತ್ತದೆ. ಕಡಲ ಮಗ್ಗುಲಿನಲ್ಲಿ ಬಾಳುವ ಹರಿಕಾಂತರು, ಅಂಬಿಗರು, ಖಾರ್ವಿಗಳು. ಕೊರಳ ತುಂಬ ಮಣಿಸರಗಳನ್ನು ಧರಿಸಿ ಹೂವು ತರಕಾರಿಗಳನ್ನು ಗೋಕರ್ಣದ ಪೇಟೆಗೆ ತರುವ ಹಾಲಕ್ಕಿ ಹೆಂಗಸರು. ಒಂದು ತೀರದಿಂದ ಇನ್ನೊಂದು ತೀರಕ್ಕೆ ಪ್ರವಾಸಿಗರನ್ನು ಒಯ್ಯುವ ದೋಣಿಯವರು. ಇವರೆಲ್ಲ ದೂರದಿಂದ ಬಂದ ಕ್ಯಾಮೆರಾಕ್ಕೆ ಸುಲಭವಾಗಿ ‘ದೃಶ್ಯ’ವಾಗಿಬಿಡುತ್ತಾರೆ. ಉದ್ದನೆಯ ಲೆನ್ಸಿನಿಂದ ಕದ್ದು ತೆಗೆಯುವುದು ಸುಲಭ. ಎದುರಿಗೆ ಹೋಗಿ, “ಅಕ್ಕಾ, ಒಂದು ಪಟ ತೆಗೆಯಲೇ?” ಎಂದು ಕೇಳುವುದು ಕಷ್ಟ. “ಮೊದ್ಲು ಹೂ ತಕಣಿ, ಆಮೇಲೆ ಪಟ” ಎಂಬ ಉತ್ತರ ಬಂದರೆ ಅದು ನ್ಯಾಯವೇ. “ಬ್ಯಾಡ” ಎಂಬ ಉತ್ತರ ಬಂದರೆ ಅದೂ ನ್ಯಾಯ. ಕ್ಯಾಮೆರಾವನ್ನು ಕೆಳಗಿಳಿಸಿ ನಾಲ್ಕು ಮಾತಾಡಿದವನಿಗೆ ಮರುದಿನ ಅದೇ ಮುಖವು ಬೇರೆಯಾಗಿ ತೋರುತ್ತದೆ. ಗೋಕರ್ಣದ ಮುಖ್ಯ ತೀರದಲ್ಲಿ ಪಿತೃಕಾರ್ಯಕ್ಕೆ ಕುಳಿತವರ ಮೇಲೆ ಮಾತ್ರ ಕ್ಯಾಮೆರಾವನ್ನು ತಿರುಗಿಸಲೇಬಾರದು. ದುಃಖಕ್ಕೆ ಏಕಾಂತವು ಬೇಕು.

ಮನುಷ್ಯರ ಪಟಕ್ಕೆ ಇಷ್ಟೇಕೆ ಮಹತ್ತ್ವವೆಂದು ಕೇಳಬಹುದು. ಸೂರ್ಯಾಸ್ತವು ನೂರು ವರ್ಷದ ಹಿಂದೆಯೂ ಹೀಗೆಯೇ ಇತ್ತು, ಮುಂದೆಯೂ ಇರುತ್ತದೆ. ಬದಲಾಗುವುದು ಅದರ ಮುಂದೆ ನಿಂತವರ ಬದುಕು. ಒಂದು ಉದಾಹರಣೆ ಸಾಕು. ಕನ್ನಡ ಕರಾವಳಿಯ ಉದ್ದಕ್ಕೂ ರಂಪಣಿ ಎಂಬ ಬೃಹತ್ತಾದ ಬಲೆಯಿತ್ತು. ದೋಣಿಯಲ್ಲಿ ಅದನ್ನು ಅರ್ಧವರ್ತುಲವಾಗಿ ಕಡಲಿಗೆ ಹಾಕಿ ಬಂದು, ಎರಡು ತುದಿಗಳನ್ನು ಹಿಡಿದು ಊರಿಗೆ ಊರೇ ಸಾಲಾಗಿ ನಿಂತು ದಂಡೆಗೆ ಎಳೆಯುತ್ತಿತ್ತು. ಬಂಗುಡೆಯೂ ತಾರ್ಲೆಯೂ ಬೆಳ್ಳಿಯ ರಾಶಿಯಾಗಿ ಮರಳಿಗೆ ಬೀಳುತ್ತಿದ್ದವು; ಎಳೆದ ಪ್ರತಿಯೊಬ್ಬನಿಗೂ ಪಾಲು. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳಿಂದ ಬೀಸುವ ಪರ್ಸೀನ್ ಬಲೆ ಬಂದಿತು. ಮೀನಿನ ಹಿಂಡನ್ನು ಅದು ದಂಡೆಗೆ ಬರುವ ಮೊದಲೇ ಆಳದಲ್ಲಿ ಸುತ್ತುವರಿಯಿತು. ಕೆಲವೇ ವರ್ಷಗಳಲ್ಲಿ ರಂಪಣಿಯ ಕಾಲ ಮುಗಿಯಿತು. ಅದಕ್ಕಿಂತ ಚಿಕ್ಕದಾದ ಯೇಂಡಿ ಬಲೆಯನ್ನು ಎಳೆಯುವುದನ್ನು ಈ ಕಡೆಯ ತೀರಗಳಲ್ಲಿ ಕಾಣಬಹುದು. ಆದರೆ ಊರೆಲ್ಲ ಸೇರಿ ಎಳೆಯುತ್ತಿದ್ದ ಆ ಬಲೆ ಹಿರಿಯರ ಮಾತಿನಲ್ಲಿ ಉಳಿದಿದೆ.

1960ರ ದಶಕದಲ್ಲಿ ಕಾರವಾರಕ್ಕೋ ಕುಮಟೆಗೋ ವರ್ಗವಾಗಿ ಬಂದ ಗುಮಾಸ್ತರೋ ಮೇಷ್ಟರೋ ತಮ್ಮ ಪೆಟ್ಟಿಗೆ ಕ್ಯಾಮೆರಾದಲ್ಲಿ ಒಂದು ರಂಪಣಿಯನ್ನು ಹಿಡಿದಿದ್ದರೆ, ದಿಗಂತ ವಾಲಿದ್ದರೂ, ಅಂಚು ಮಸುಕಾಗಿದ್ದರೂ, ಇಂದು ಆ ಪಟಕ್ಕೆ ಬೆಲೆ ಕಟ್ಟುವಂತಿಲ್ಲ. ಅವರು ಅದೇ ದಿನ ತೆಗೆದ ಸೂರ್ಯಾಸ್ತವನ್ನು ಮಾತ್ರ ಯಾರೂ ಕೇಳುವುದಿಲ್ಲ. ಸ್ವಂತವಾಗಿ ಕಲಿಯುವವನಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ: ಯಾವುದು ಮರಳಿ ಬಾರದೋ ಅದರ ಕಡೆಗೆ ಮೊದಲು ತಿರುಗಬೇಕು.

ಓಂ ತೀರದಲ್ಲಿಯೂ ಬದಲಾವಣೆಯು ನಡೆಯುತ್ತಲೇ ಇದೆ. ಒಂದು ಕಾಲದಲ್ಲಿ ಗುಡ್ಡದ ಕಾಲುದಾರಿಯೊಂದೇ ಇದ್ದಲ್ಲಿಗೆ ಈಗ ಡಾಂಬರು ರಸ್ತೆ ಬಂದಿದೆ. ಗೋವೆಯ ಗದ್ದಲದಿಂದ ತಪ್ಪಿಸಿಕೊಂಡು ಬಂದ ವಿದೇಶೀಯರು ಹುಡುಕಿಕೊಂಡ ಮೌನದ ತೀರಕ್ಕೆ ಇಂದು ವಾರಾಂತ್ಯದಲ್ಲಿ ನಗರಗಳ ಜನವೆಲ್ಲ ಹರಿದುಬರುತ್ತದೆ. ಜನ ಹೋದ ಮೇಲೆ ಉಳಿಯುವ ಪ್ಲಾಸ್ಟಿಕ್ ಬಾಟಲಿಗಳನ್ನು ಪಟದಿಂದ ಹೊರಗಿಡಲು ಹವ್ಯಾಸಿಯು ಕ್ಯಾಮೆರಾವನ್ನು ಆಚೀಚೆ ತಿರುಗಿಸುತ್ತಾನೆ. ಬಾಗಿ ಆ ಬಾಟಲಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರೆ ಪಟವೂ ಚೊಕ್ಕಟ, ತೀರವೂ ಚೊಕ್ಕಟ. ದಂಡೆ ಹೇಗಿದೆಯೋ ಹಾಗೆಯೇ, ಬಾಟಲಿಯ ಸಮೇತ, ಒಂದೆರಡು ಪಟ ತೆಗೆದಿಡುವುದೂ ತಪ್ಪಲ್ಲ. ಮುಂದೆ ನೋಡುವವರಿಗೆ ಅದೂ ಬೇಕಾಗಬಹುದು.

ಮಳೆ ಬರುವ ಮುನ್ನ

ಜೂನ್ ಆರಂಭದಲ್ಲಿ ಮುಂಗಾರು ಕರಾವಳಿಯನ್ನು ಮುಟ್ಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪ್ರವಾಸಿಗರ ದೋಣಿಗಳೂ ದಂಡೆಯ ಮೇಲಕ್ಕೆ ಸರಿಯುತ್ತವೆ. ವರ್ಷದಲ್ಲಿ 3000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯು ಬಹುಪಾಲು ಈ ನಾಲ್ಕು ತಿಂಗಳಲ್ಲೇ ಬಂದುಹೋಗುತ್ತದೆ. ಗಂಗಾವಳಿಯೂ ಅಘನಾಶಿನಿಯೂ ತಂದ ಕೆಸರಿನಿಂದ ಕಡಲು ಕಂದಾಗುತ್ತದೆ. ಬೇಸಿಗೆಯಲ್ಲಿ ಬೋಳಾಗಿದ್ದ ಜಂಬಿಟ್ಟಿಗೆಯ ಗುಡ್ಡ ವಾರದೊಳಗೆ ಹಸಿರುಡುತ್ತದೆ. ಆ ದಿನಗಳಲ್ಲಿ ದಂಡೆಗಿಳಿಯುವುದು ಅಪಾಯ. ಆದರೆ ಗುಡ್ಡದ ಮೇಲಿನ ಸುಭದ್ರವಾದ ಜಾಗದಿಂದ, ಮಳೆಗಳ ನಡುವಣ ಬಿಡುವಿನಲ್ಲಿ, ಕಂದು ಕಡಲೂ ಕಪ್ಪು ಮೋಡವೂ ಹಸಿರು ಗುಡ್ಡವೂ ಕೂಡಿದ ನೋಟವನ್ನು ಕಂಡವರು ನೀಲಿಯ ಕಡಲನ್ನು ಮರೆಯುತ್ತಾರೆ. ಕ್ಯಾಲೆಂಡರುಗಳಲ್ಲಿ ಈ ಓಂ ತೀರ ಅಪರೂಪ.

ಪ್ರವಾಸ ಮುಗಿದ ಮೇಲಿನ ಕೆಲಸವನ್ನು ಹವ್ಯಾಸಿಗಳು ಸಾಮಾನ್ಯವಾಗಿ ಮರೆಯುತ್ತಾರೆ. ನೂರಾರು ಪಟಗಳಲ್ಲಿ ಹನ್ನೆರಡನ್ನು, ಹಳೆಯ ಸುರುಳಿಯ ಲೆಕ್ಕಕ್ಕೆ ಸರಿಯಾಗಿ, ಆರಿಸಬೇಕು. ಅವನ್ನು ಕಾಗದದ ಮೇಲೆ ಅಚ್ಚು ಹಾಕಿಸಬೇಕು. ಪ್ರತಿಯೊಂದರ ಬೆನ್ನಿಗೆ ಪೆನ್ಸಿಲಿನಿಂದ ಊರು, ತೇದಿ, ಪಟದಲ್ಲಿರುವವರ ಹೆಸರು ಬರೆಯಬೇಕು. ಒಂದು ಪ್ರತಿಯನ್ನು ತೀರದಲ್ಲಿ ಮುಖ ಕೊಟ್ಟವರಿಗೆ ಮುಟ್ಟಿಸಬೇಕು. ಹೂವು ಮಾರುವ ಅಕ್ಕನ ಮನೆಯ ಗೋಡೆಗೆ ಅವಳದೇ ಪಟವೊಂದು ಸೇರಿದರೆ, ಮುಂದಿನ ವರ್ಷ ಬಂದವನಿಗೆ ಕ್ಯಾಮೆರಾ ತೆಗೆಯುವ ಮೊದಲೇ ನಗು ಕಾದಿರುತ್ತದೆ.

ಸಂಜೆ ಕತ್ತಲಾಗುತ್ತ ಬಂದಂತೆ ಓಂ ತೀರದ ಅಂಗಡಿಗಳಲ್ಲಿ ದೀಪ ಹತ್ತುತ್ತವೆ. ದೂರದಲ್ಲಿ ಮೀನುದೋಣಿಗಳ ಬೆಳಕು ದಿಗಂತದ ಗೆರೆಯನ್ನು ಚುಕ್ಕೆಗಳಲ್ಲಿ ಬರೆಯುತ್ತದೆ. ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದರೆ ಎರಡು ಕೊಲ್ಲಿಗಳ ಬಾಗು ಮಸಕುಮಸಕಾಗಿ ತೋರುತ್ತದೆ. ಆ ಬೆಳಕಿನಲ್ಲಿ ಪಟ ಬರುವುದಿಲ್ಲ. ಮಕ್ಕಳ ಕರವಸ್ತ್ರದಲ್ಲಿ ಇಂದಿಗೂ ಕಪ್ಪೆಚಿಪ್ಪುಗಳಿವೆ. ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಅವರ ಕೈ ಹಿಡಿದು, ನಿಧಾನವಾಗಿ ಗುಡ್ಡ ಹತ್ತುವ ಹೊತ್ತು ಅದು.